ರಜಾಚೀಟಿಯಲ್ಲಿ ಬರೆಯದ ಕಾರಣ

ಶಾಲೆಯ ರಜಾಚೀಟಿ ಯಾರಿಗೆ ಗೊತ್ತಿಲ್ಲ? "ನನ್ನ ಮಗಳಿಗೆ ಹೊಟ್ಟೆನೋವು ಇರುವುದರಿಂದ ಅರ್ಧ ದಿನ ರಜೆ ಕೊಡಬೇಕಾಗಿ ವಿನಂತಿ" ಎಂದು ನಾಲ್ಕು ಗೆರೆ, ಕೆಳಗೆ ಅಪ್ಪನ ಸಹಿ, ಇಲ್ಲವೇ ಅವ್ವನ ಹೆಬ್ಬೆಟ್ಟು. ಈ ಸಣ್ಣ ಕಾಗದದೊಳಗೆ ಮೂರು ಮಂದಿ ಇದ್ದಾರೆ: ಮಗು, ಪಾಲಕರು, ಮಾಸ್ತರು. ಕಾಗದದಲ್ಲಿ ಕಾಣದ ನಾಲ್ಕನೆಯವರು ಆಸ್ಪತ್ರೆಯ ಡಾಕ್ಟರು. ಈ ನಾಲ್ವರಲ್ಲಿ ಯಾರು ಯಾರಿಗೆ ಏನು ಹೇಳಬೇಕು, ಯಾರು ಹೂಂ ಅಂದರೆ ಮಗುವಿಗೆ ಔಷಧ ಸಿಗುತ್ತದೆ, ಯಾವ ಮಾತನ್ನು ಗುಟ್ಟಾಗಿ ಇಡಬಹುದು ಎಂಬುದಕ್ಕೆ ಒಂದು ಇತಿಹಾಸ ಇದೆ. ಅದರ ಕೆಲವು ಮುಖ್ಯ ಘಟನೆಗಳು ನಾವು ಬಾಳುತ್ತಿರುವ ಈ ಗೋವೆಯ ನೆಲದಲ್ಲೇ ನಡೆದಿವೆ. ನಮ್ಮ ಮಂದಿಗೆ ಅದು ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬಹಳ ವರ್ಷ ಕನ್ನಡದ ಮಕ್ಕಳಿಗೆ ಪಾಠ ಹೇಳಿದವನು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದರು ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅವರು. ಎಂಟನೆಯ, ಒಂಬತ್ತನೆಯ ತರಗತಿಗೆ ಬಂದ ಮೇಲೆ ಒಂದೊಂದು ಮಗು ಮೇಜಿನ ಹತ್ತಿರ ಬಂದು ನಿಲ್ಲುತ್ತದೆ. "ಸರ್, ದವಾಖಾನಿಗೆ ಹೋಗ್ಬೇಕ್ರೀ. ಮನ್ಯಾಗ ಹೇಳಬ್ಯಾಡ್ರಿ." ಅಷ್ಟೇ ಮಾತು. ಕಾರಣ ಕೇಳಿದರೆ ತಲೆ ಕೆಳಗೆ. ಯಾವ ಶಾಲೆಯಲ್ಲೇ ಆಗಲಿ, ಮಾಸ್ತರಿಕೆ ಮಾಡಿದ ಎಲ್ಲರೂ ಈ ಮಾತು ಕೇಳಿರುತ್ತಾರೆ. ಆ ಹೊತ್ತಿನಲ್ಲಿ ಮಾಸ್ತರಿಗೆ ಎರಡು ಹೆದರಿಕೆ. ಕಳಿಸಿದರೆ ನಾಳೆ ಅಪ್ಪ ಬಂದು "ನನ್ನ ಮಗಳನ್ನ ಯಾರನ್ನ ಕೇಳಿ ಕಳಿಸಿದ್ರಿ?" ಅಂತಾನೆ. ಕಳಿಸದಿದ್ದರೆ ಮಗುವಿನ ರೋಗ ಬೆಳೆಯುತ್ತದೆ.

ಮೊದಲು ವಯಸ್ಸಿನ ಲೆಕ್ಕ ನೋಡೋಣ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಒಂದು ಸಂಗತಿ ಇತ್ತು. ಹನ್ನೆರಡು ವರ್ಷದೊಳಗಿನ ಮಗುವಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅದರ ಒಳಿತಿಗಾಗಿ ಮಾಡುವ ಕೆಲಸಕ್ಕೆ ಪೋಷಕರ ಒಪ್ಪಿಗೆ ಬೇಕು. ಹಾಗಾದರೆ ಹನ್ನೆರಡು ದಾಟಿದವರು? ದಂಡ ಸಂಹಿತೆಯ ಮಟ್ಟಿಗೆ ತಮ್ಮ ಒಳಿತಿಗಾಗಿ ಸದ್ಭಾವನೆಯಿಂದ ನಡೆಯುವ ಚಿಕಿತ್ಸೆಗೆ ಅವರು ಒಪ್ಪಬಹುದು. ಆದರೆ 1872ರ ಕರಾರು ಕಾಯ್ದೆ, 1875ರ ವಯಸ್ಕತೆ ಕಾಯ್ದೆ ಎರಡೂ ಸೇರಿ ಹದಿನೆಂಟು ಆಗದೆ ಕರಾರಿಲ್ಲ ಅಂದವು. ಹೀಗೆ ಹನ್ನೆರಡರಿಂದ ಹದಿನೆಂಟರ ನಡುವಿನ ಮಕ್ಕಳು ಎರಡು ಕಾಯ್ದೆಗಳ ನಡುವಿನ ಗೋಡೆಯ ಮೇಲೆ ಕುಳಿತರು. ಡಾಕ್ಟರು ತಮಗೆ ತೊಂದರೆ ಬಾರದಿರಲಿ ಎಂದು ಹದಿನೆಂಟರ ತನಕ ಅಪ್ಪ-ಅವ್ವನ ಸಹಿ ಕೇಳುವುದೇ ರೂಢಿಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಹನ್ನೆರಡರ ಗೆರೆ ಹಾಗೇ ಉಳಿದಿದೆ. ಜೀವಕ್ಕೆ ಅಪಾಯವಿದ್ದು ಸಹಿ ಮಾಡುವವರು ಸಿಗದಿದ್ದರೆ ಒಪ್ಪಿಗೆ ಇಲ್ಲದೆಯೂ ಡಾಕ್ಟರು ಚಿಕಿತ್ಸೆ ಕೊಡಬಹುದು ಎಂಬ ಮಾತೂ ಆಗಿನಿಂದ ಈಗಿನವರೆಗೆ ಇದೆ. ಇದು ಮಾಸ್ತರರು ನೆನಪಿಡಬೇಕಾದ ಮಾತು.

ಗೋವೆಯ ದಾರಿ ಬೇರೆಯಾಗಿತ್ತು. ಇಲ್ಲಿ ಪೋರ್ತುಗೀಸರ ಆಳ್ವಿಕೆ. 1842ರಲ್ಲೇ ಪಣಜಿಯಲ್ಲಿ ವೈದ್ಯಕೀಯ ಶಾಲೆ ಶುರುವಾಗಿತ್ತು. ಇಂದಿನ ಬಾಂಬೋಳಿಯ ಮೆಡಿಕಲ್ ಕಾಲೇಜಿನ ಬೇರು ಅದು. 1867ರ ಪೋರ್ತುಗೀಸ್ ಸಿವಿಲ್ ಸಂಹಿತೆ 1870ರಿಂದ ಇಲ್ಲಿ ನಡೆಯಿತು. ಅದರಲ್ಲಿ ವಯಸ್ಕರಾಗಲು ಇಪ್ಪತ್ತೊಂದು ಆಗಬೇಕಿತ್ತು, ಮಕ್ಕಳ ಮೇಲಿನ ಅಧಿಕಾರದಲ್ಲಿ ಅಪ್ಪನ ಮಾತೇ ಮೊದಲು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದ ಮೇಲೆ ಭಾರತದ ಕಾಯ್ದೆಗಳು ಒಂದೊಂದಾಗಿ ಬಂದವು. ಎರಡೂ ದಾರಿಗಳು ಕೊನೆಗೆ ಬಂದು ಸೇರಿದ್ದು ಒಂದೇ ಕಡೆ: ಮಗುವಿನ ಮೈಗೆ ಮನೆಯವರೇ ಒಡೆಯರು.

ಇನ್ನು ಗುಟ್ಟಿನ ವಿಷಯ. ರೋಗಿಯ ಗುಟ್ಟು ಎಂದರೆ ಏನು ಎಂದು ಗೋವೆ ಇಡೀ ದೇಶಕ್ಕೆ ಕಲಿಸಿತು. ಅದೂ ಬಹಳ ಕಹಿಯಾದ ರೀತಿಯಲ್ಲಿ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರು ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಕಂಡುಹಿಡಿದರು. ಹೆದರಿಕೆ ಹರಡಿತು. ಗೋವೆಯ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ತಂದು, ಎಚ್‌ಐವಿ ಇದ್ದವರನ್ನು ಪ್ರತ್ಯೇಕವಾಗಿ ಕೂಡಿಡುವ ಅಧಿಕಾರವನ್ನು ಸರಕಾರ ತೆಗೆದುಕೊಂಡಿತು. 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜಾ ಎಂಬ ತರುಣನನ್ನು ಪೊಲೀಸರು ಕರೆದೊಯ್ದರು. ಅವನು ಮಾಡಿದ ತಪ್ಪೇನು? ರಕ್ತದಾನ ಮಾಡಿದ್ದ. ಆ ರಕ್ತದ ಪರೀಕ್ಷೆಯ ಫಲ ಅವನಿಗೆ ತಿಳಿಯುವ ಮೊದಲೇ ಬೇರೆಯವರಿಗೆ ತಿಳಿದಿತ್ತು. ಮಾಪುಸಾದ ಹಳೆಯ ಕ್ಷಯರೋಗದ ಆಸ್ಪತ್ರೆಯಲ್ಲಿ ಅವನನ್ನು 64 ದಿನ ಕೂಡಿಟ್ಟರು.

ಆಗ ಕೋರ್ಟಿಗೆ ಹೋದವಳು ಅವನ ತಾಯಿ ಲೂಸಿ ಡಿಸೋಜಾ. ಬಾಂಬೆ ಹೈಕೋರ್ಟಿನ ಗೋವಾ ಪೀಠದ ಮುಂದೆ ಆ ಮೊಕದ್ದಮೆ ಆಕೆಯ ಹೆಸರಿನಲ್ಲೇ ಇದೆ. ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ತಾಯಿ ಕಾಗದದಲ್ಲಿ ಸೋತಳು. ಆದರೆ ಮಗ ಹೊರಗೆ ಬಂದ. ಕಾಯ್ದೆಯಲ್ಲಿ 'ಕೂಡಿಡಲೇಬೇಕು' ಎಂದು ಇದ್ದದ್ದು 'ಕೂಡಿಡಬಹುದು' ಎಂದು ಬದಲಾಯಿತು. ಡೊಮಿನಿಕ್ ಸುಮ್ಮನೆ ಕೂರಲಿಲ್ಲ. ತನ್ನಂಥವರಿಗಾಗಿ 'ಪಾಸಿಟಿವ್ ಪೀಪಲ್' ಎಂಬ ಸಂಸ್ಥೆ ಕಟ್ಟಲು ಮುಂದಾಗಿ 1992ರಲ್ಲಿ ತೀರಿಕೊಂಡ. 2005ರಲ್ಲಿ ಬಂದ 'ಮೈ ಬ್ರದರ್ ನಿಖಿಲ್' ಎಂಬ ಹಿಂದಿ ಸಿನಿಮಾಕ್ಕೆ ಅವನ ಬದುಕೇ ಪ್ರೇರಣೆ. ಪಾಲಕರು ಅಂದರೆ ಮಕ್ಕಳ ಗುಟ್ಟಿಗೆ ಅಡ್ಡ ಬರುವವರು ಎಂದು ತಿಳಿಯುವವರು ಲೂಸಿಯನ್ನು ನೆನೆಯಬೇಕು. ಪರೀಕ್ಷೆಯ ಗುಟ್ಟು ಒಡೆದು ಮಗ ಸೆರೆಯಾದಾಗ ಅವನ ಪರವಾಗಿ ಸರಕಾರದ ಎದುರು ನಿಂತವಳು ಅವ್ವನೇ.

ಇದಕ್ಕೆ ಎದುರಾದ ಕತೆಯೂ ಇಲ್ಲೇ ಇದೆ. 1991ರಲ್ಲಿ ಮಡಗಾಂವದಲ್ಲಿ ಫ್ರೆಡ್ಡಿ ಪೀಟ್ಸ್ ಎಂಬವನು ಸಿಕ್ಕಿಬಿದ್ದ. ಅನಾಥ ಮಕ್ಕಳ ಆಶ್ರಮ ನಡೆಸುವ ಧರ್ಮಾತ್ಮ ಎಂದು ಊರು ನಂಬಿತ್ತು. ಆ ಮಕ್ಕಳನ್ನೇ ಅವನು ಕಾಮಕ್ಕೆ ಬಳಸುತ್ತಿದ್ದ, ವಿದೇಶಿಯರಿಗೂ ಒಪ್ಪಿಸುತ್ತಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಮಕ್ಕಳಲ್ಲಿ ಒಬ್ಬ ನೋವೆಂದು ಡಾಕ್ಟರ ಹತ್ತಿರ ಹೋಗಬೇಕೆಂದಿದ್ದರೆ ಪೋಷಕನೆಂದು ಸಹಿ ಮಾಡಬೇಕಾದವನು ಯಾರು? ಅವನೇ. ಪೋಷಕರ ಒಪ್ಪಿಗೆ ಎಂಬ ಬೇಲಿ ಮಗುವನ್ನು ಕಾಯಲೂ ಬಹುದು, ಕಳ್ಳನ ಜೊತೆ ಒಳಗೆ ಕೂಡಿಹಾಕಲೂ ಬಹುದು. ಇಂಥ ಅನುಭವಗಳ ಹಿನ್ನೆಲೆಯಲ್ಲೇ 2003ರಲ್ಲಿ ಗೋವೆ ತನ್ನದೇ ಮಕ್ಕಳ ಕಾಯ್ದೆ ಮಾಡಿತು, ಮಕ್ಕಳಿಗಾಗಿ ಬೇರೆ ಕೋರ್ಟು ಬಂತು. ದೇಶಕ್ಕೆಲ್ಲ ಪೋಕ್ಸೋ ಕಾಯ್ದೆ ಬಂದದ್ದು ಅದಾದ ಒಂಬತ್ತು ವರ್ಷಕ್ಕೆ, 2012ರ ನವೆಂಬರ್ 14ರಂದು.

2014ರಲ್ಲಿ ಇನ್ನೊಂದು ನಡೆಯಿತು. ಸಾಂಗೆ ತಾಲೂಕಿನ ರಿವಣದ ಒಂದು ಶಾಲೆಗೆ ಆಶ್ರಮದ 13 ಮಕ್ಕಳು ಸೇರಿದ್ದರು. ಅವರಿಗೆ ಎಚ್‌ಐವಿ ಇದೆ ಎಂಬ ಮಾತು ಹೊರಬಿತ್ತು. ಬೇರೆ ಮಕ್ಕಳ ಪಾಲಕರು ತಮ್ಮ ಮಕ್ಕಳನ್ನು ಬಿಡಿಸುತ್ತೇವೆ ಎಂದು ಗಲಾಟೆ ಮಾಡಿದರು. ಕೊನೆಗೆ ಆ 13 ಮಕ್ಕಳೇ ಶಾಲೆ ಬಿಡಬೇಕಾಯಿತು. ಪಕ್ಕದಲ್ಲಿ ಕುಳಿತು ಪಾಠ ಕೇಳಿದರೆ ಆ ರೋಗ ಬರುವುದಿಲ್ಲ ಎಂದು ವಿಜ್ಞಾನದ ಪುಸ್ತಕದಲ್ಲಿ ಬರೆದೇ ಇದೆ. ಆದರೂ ಪುಸ್ತಕಕ್ಕಿಂತ ಹೆದರಿಕೆ ದೊಡ್ಡದಾಯಿತು. ಒಂದು ಮಗುವಿನ ರೋಗದ ಹೆಸರು ಶಾಲೆಯಲ್ಲಿ ಹಬ್ಬಿದರೆ ಆ ಮಗುವಿನ ಗತಿ ಏನು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಶಾಲೆಯಲ್ಲಿ ಭೇದ ಮಾಡಬಾರದು, ಒಪ್ಪಿಗೆ ಇಲ್ಲದೆ ರೋಗದ ಸಂಗತಿ ಹೊರಗೆ ಹಾಕಬಾರದು ಎಂದು ಅದು ಹೇಳುತ್ತದೆ. ಅದರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಕಲಮು ಇದೆ. ಆ ರೋಗದಿಂದ ನೊಂದ ಮನೆಯಲ್ಲಿ ಹನ್ನೆರಡು ದಾಟಿದ, ತಿಳುವಳಿಕೆ ಬಂದ ಹುಡುಗನೋ ಹುಡುಗಿಯೋ ಮನೆಯ ವ್ಯವಹಾರ ನೋಡಿಕೊಳ್ಳುತ್ತಿದ್ದರೆ, ತಮ್ಮ ತಂಗಿಯರಿಗೆ ಅವರೇ ಪೋಷಕರಾಗಬಹುದು. ಆಸ್ಪತ್ರೆಗೆ ಸೇರಿಸುವಾಗ, ಶಾಲೆಗೆ ಹಾಕುವಾಗ ಅವರ ಸಹಿ ನಡೆಯುತ್ತದೆ. ಅಂದರೆ ಹನ್ನೆರಡರ ಮಗುವೂ ತಿಳಿದು ತೀರ್ಮಾನ ಮಾಡಬಲ್ಲದು ಎಂದು ನಮ್ಮ ಕಾಯ್ದೆಯೇ ಒಂದು ಕಡೆ ಒಪ್ಪಿಕೊಂಡಿದೆ.

ಹೊರದೇಶಗಳಲ್ಲಿ ಈ ವಾದ ಮೊದಲೇ ನಡೆದಿತ್ತು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಗಿಲಿಕ್ ಎಂಬ ತಾಯಿ, ತನ್ನ ಹದಿನಾರು ತುಂಬದ ಹೆಣ್ಣುಮಕ್ಕಳಿಗೆ ತನ್ನನ್ನು ಕೇಳದೆ ಡಾಕ್ಟರು ಗರ್ಭನಿರೋಧದ ಸಲಹೆ ಕೊಡಬಾರದು ಎಂದು ಕೋರ್ಟಿಗೆ ಹೋದಳು. 1985ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಮೂರಕ್ಕೆ ಎರಡರ ಬಹುಮತದಿಂದ ಅವಳ ವಾದ ತಳ್ಳಿತು. ಮಗುವಿಗೆ ವಿಷಯ ಪೂರ್ತಿ ಅರ್ಥವಾಗುವಷ್ಟು ಬುದ್ಧಿ ಬಂದಿದ್ದರೆ ಅದರ ಒಪ್ಪಿಗೆ ಸಾಕು ಎಂದಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಏಳನೆಯಿಂದ ಹನ್ನೆರಡನೆಯ ತರಗತಿಯ ಮಕ್ಕಳು ಗುಟ್ಟಿನ ಚಿಕಿತ್ಸೆಗೆ ಹೋಗಬೇಕಾದರೆ ಪಾಲಕರ ಒಪ್ಪಿಗೆ ಇಲ್ಲದೆಯೂ ಶಾಲೆ ಬಿಡಬಹುದು, ಮತ್ತು ಹೀಗೊಂದು ನಿಯಮ ಇದೆ ಎಂದು ಪ್ರತಿ ವರ್ಷ ಮಕ್ಕಳಿಗೂ ಪಾಲಕರಿಗೂ ಶಾಲೆಯೇ ತಿಳಿಸಬೇಕು ಎಂದು 1986-87ರ ಶಾಲಾ ವರ್ಷದಿಂದ ಕಾಯ್ದೆ ಮಾಡಿದರು. ಅಲ್ಲೂ ಪಾಲಕರ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಅಂಥ ಶಾಲಾ ಕಾಯ್ದೆ ಇಲ್ಲ. ಮಗು ಶಾಲೆಯ ಹೊತ್ತಿನಲ್ಲಿ ಗೇಟು ದಾಟಬೇಕಾದರೆ ಪಾಲಕರು ಬರಬೇಕು, ಇಲ್ಲವೇ ಅವರ ಚೀಟಿ ಬರಬೇಕು, ಇದೇ ರೂಢಿ. ಮಕ್ಕಳು ಕಾಣೆಯಾಗುವ ಕಾಲದಲ್ಲಿ ಇದು ಸುಮ್ಮನೆ ಹುಟ್ಟಿದ ರೂಢಿಯೂ ಅಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ಬಿಗಿಯಾದ ಗಂಟು ಇರುವುದು ಹೆಣ್ಣುಮಕ್ಕಳ ವಿಷಯದಲ್ಲಿ. 1971ರ ಗರ್ಭಪಾತದ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಆದರೆ ಆ ಕಾಯ್ದೆಯಲ್ಲಿ ಪೋಷಕ ಎಂದರೆ ಅಪ್ಪನೇ ಎಂದಿಲ್ಲ. ಆ ಹುಡುಗಿಯನ್ನು ನೋಡಿಕೊಳ್ಳುತ್ತಿರುವವರು ಎಂದಿದೆ. ಊರಲ್ಲಿ ಅಪ್ಪ-ಅವ್ವ, ಇಲ್ಲಿ ಚಿಕ್ಕಮ್ಮನ ಮನೆಯಲ್ಲೋ ಅಜ್ಜಿಯ ಹತ್ತಿರವೋ ಬೆಳೆಯುವ ಮಕ್ಕಳು ನಮ್ಮಲ್ಲಿ ಎಷ್ಟೋ. ಅವರಿಗೆ ಈ ಮಾತು ದೊಡ್ಡ ಆಸರೆ.

ಆಮೇಲೆ ಪೋಕ್ಸೋ ಬಂತು. ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಇದರಲ್ಲಿ ಮಾಸ್ತರರೂ ಬಂದರು, ಡಾಕ್ಟರೂ ಬಂದರು. ಮಗುವನ್ನು ಕಾಯಲು ಮಾಡಿದ ಈ ನಿಯಮದಿಂದ ಇನ್ನೊಂದು ಪರಿಣಾಮವೂ ಆಯಿತು. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ಹೆಸರು ಹೊರಬರುತ್ತದೆ ಎಂದು ಮನೆಯವರು ಹುಡುಗಿಯನ್ನು ಒಳ್ಳೆಯ ಆಸ್ಪತ್ರೆ ಬಿಟ್ಟು ಹಿಂದಿನ ಬಾಗಿಲಿನ ವೈದ್ಯರ ಹತ್ತಿರ ಒಯ್ಯುವಂತಾಯಿತು. ಸುಪ್ರೀಂ ಕೋರ್ಟು ಇದನ್ನು ಗಮನಿಸಿತು. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿ ಚಂದ್ರಚೂಡ್, ನಮ್ಮ ಕೊಡಗಿನ ಎ. ಎಸ್. ಬೋಪಣ್ಣ ಮತ್ತು ಪಾರ್ದೀವಾಲಾ ಅವರ ಪೀಠ ಒಂದು ದಾರಿ ತೆರೆಯಿತು. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಡಾಕ್ಟರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ವರದಿಯೂ ಆಗಬೇಕು, ಗುಟ್ಟೂ ಉಳಿಯಬೇಕು ಎಂಬ ಎರಡನ್ನೂ ಹೊಂದಿಸುವ ಪ್ರಯತ್ನ ಅದು.

ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೂ ಮಾತಾಡಿತು. ಹದಿನಾರು ದಾಟಿದ ಮಕ್ಕಳು ತಾವೇ ಪ್ರೀತಿಸಿ ಹೋದ ಪ್ರಕರಣಗಳು ಹೆಚ್ಚುತ್ತಿವೆ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಯೋಚಿಸಲಿ ಎಂದಿತು. ಆಯೋಗ 2023ರ ತನ್ನ 283ನೆಯ ವರದಿಯಲ್ಲಿ ಹದಿನೆಂಟನ್ನು ಇಳಿಸುವುದು ಬೇಡ ಎಂದಿತು. ಆದರೆ ಧಾರವಾಡ ಪೀಠದ ಇನ್ನೊಂದು ಮಾತು ಮಾಸ್ತರರಿಗೆ ಸಂಬಂಧಿಸಿದ್ದು: ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳುವಳಿಕೆ ಕೊಡುವ ಪಾಠ ಸಿದ್ಧವಾಗಬೇಕು ಎಂದು ಅದು ಶಿಕ್ಷಣ ಇಲಾಖೆಗೆ ಹೇಳಿತ್ತು.

ಕಾಯ್ದೆಯ ಮಾತು ಇಷ್ಟು ಸಾಕು. ಇನ್ನು ನಮ್ಮ ಮನೆಗಳ ಮಾತು. ಮಕ್ಕಳು "ಮನ್ಯಾಗ ಹೇಳಬ್ಯಾಡ್ರಿ" ಅನ್ನುವುದು ಯಾವಾಗಲೂ ದೊಡ್ಡ ಗುಟ್ಟಿಗಲ್ಲ. ಬಹಳ ಸಲ ಅದು ಮುಟ್ಟಿನ ತೊಂದರೆ, ಬಿಳಿಸೆರಗು, ತುರಿಕೆ, ರಾತ್ರಿ ನಿದ್ದೆ ಬಾರದ ಅಂಜಿಕೆ, ಪರೀಕ್ಷೆಯ ಭಯ. ಮನೆಯಲ್ಲಿ ಹೇಳದಿರಲು ನಾಚಿಕೆ ಒಂದೇ ಕಾರಣವೂ ಅಲ್ಲ. ಗೋವೆಯಲ್ಲಿ ಬಹಳಷ್ಟು ಶಾಲೆಗಳು ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಬಿಡುತ್ತವೆ. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವೂ ಮುಖ್ಯವಾಗಿ ಬೆಳಿಗ್ಗೆಯೇ. ಮಗು ಶಾಲೆ ತಪ್ಪಿಸದೆ ಡಾಕ್ಟರನ್ನು ಕಾಣುವುದು ಕಷ್ಟ. ಜೊತೆಗೆ ಅಪ್ಪನೋ ಅವ್ವನೋ ಹೋಗಬೇಕಾದರೆ ಆ ದಿನದ ಪಗಾರ ಹೋಯಿತು. "ನನ್ನಿಂದ ಅಪ್ಪನ ಒಂದ್ ಪಾಳಿ ಹಾಳಾಗ್ತದ" ಎಂದು ನೋವು ನುಂಗುವ ಮಕ್ಕಳನ್ನು ನಾನು ನೋಡಿದ್ದೇನೆ. ಅಲ್ಲಿ ಒಪ್ಪಿಗೆಗೆ ಅಡ್ಡ ಬಂದದ್ದು ಮಾನ ಮರ್ಯಾದೆಯಲ್ಲ, ದಿನಗೂಲಿ.

ಭಾಷೆಯದೂ ಒಂದು ತೊಡಕು. ಚಿಕಲಿಯ ಆಸ್ಪತ್ರೆಯಾಗಲಿ, ಮಡಗಾಂವದ ಜಿಲ್ಲಾ ಆಸ್ಪತ್ರೆಯಾಗಲಿ, ಬಾಂಬೋಳಿಯಾಗಲಿ, ಅಲ್ಲಿ ನಡೆಯುವುದು ಹೆಚ್ಚಾಗಿ ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್. ನಮ್ಮ ಅವ್ವಂದಿರಿಗೆ ಕನ್ನಡ ಬಿಟ್ಟು ಬೇರೆ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಅವ್ವನ ರೋಗವನ್ನು ಡಾಕ್ಟರಿಗೆ ಹೇಳುವುದು ಶಾಲೆಗೆ ಹೋಗುವ ಮಗಳೇ. ಅವ್ವನ ಗುಟ್ಟೆಲ್ಲ ಮಗಳಿಗೆ ಗೊತ್ತು. ಮಗಳದೇ ಪಾಳಿ ಬಂದಾಗ ಅವ್ವ ಪಕ್ಕದ ಮನೆಯ ಮಾತು ಬಲ್ಲ ಹೆಂಗಸನ್ನು ಜೊತೆಗೆ ಕರೆದೊಯ್ಯುತ್ತಾಳೆ. ಸಂಜೆಯೊಳಗೆ ಸಂಗತಿ ನಲ್ಲಿಯ ಹತ್ತಿರ ತಲುಪಿರುತ್ತದೆ. ನಮ್ಮ ಓಣಿಗಳಲ್ಲಿ ಗುಟ್ಟು ಒಡೆಯುವ ದಾರಿ ಇದು. ಇದನ್ನು ಯಾವ ಕಾಯ್ದೆಯೂ ನೋಡಿಲ್ಲ.

ಸರಕಾರ ಏನೂ ಮಾಡಿಲ್ಲ ಎನ್ನಲಾಗದು. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗಾಗಿ ಆಸ್ಪತ್ರೆಗಳಲ್ಲಿ ಬೇರೆ ಕ್ಲಿನಿಕ್ಕು ಇರಬೇಕು, ಅಲ್ಲಿ ಹೇಳಿದ್ದು ಅಲ್ಲೇ ಉಳಿಯಬೇಕು ಎಂದಿದೆ. ಗೋವೆಯಲ್ಲಿ 1996ರಿಂದ 'ಸಂಗಾತ್' ಸಂಸ್ಥೆ ಇದೆ. ಮಕ್ಕಳ, ಹರೆಯದವರ ಮನಸ್ಸಿನ ಆರೋಗ್ಯದ ಕೆಲಸವನ್ನು ಅದು ಶಾಲೆಗಳ ತನಕ ತಂದಿತು. ಮನಸ್ಸಿನ ಕಳವಳಕ್ಕೆ 2022ರಿಂದ 14416 ಎಂಬ ಟೆಲಿ-ಮಾನಸ್ ನಂಬರು ಇದೆ. ಮಕ್ಕಳ ಕಷ್ಟಕ್ಕೆ 1098 ಇದೆ.

ಹಾಗಾದರೆ ಮೇಜಿನ ಮುಂದೆ ನಿಂತ ಮಗುವಿಗೆ ಮಾಸ್ತರು ಏನು ಹೇಳಬೇಕು? ಇಷ್ಟು ಇತಿಹಾಸ ನೋಡಿದ ಮೇಲೆ ನನಗೆ ತೋಚುವುದು ಹೀಗೆ. ಮಗುವಿನ ಸಂಗತಿಯನ್ನು ಮೂರು ಪಾಲು ಮಾಡಿ. ಒಂದು, ಬರೀ ಮಾತಿನಿಂದ, ಸಲಹೆಯಿಂದ ಬಗೆಹರಿಯುವುದು. ಅದನ್ನು ಡಂಗುರ ಹೊಡೆಯುವ ಅಗತ್ಯವಿಲ್ಲ. ಟೀಚರ್ ಒಬ್ಬರನ್ನು ಜೊತೆ ಮಾಡಿ, ಮುಖ್ಯ ಗುರುಗಳಿಗೆ ತಿಳಿಸಿ, ಆರೋಗ್ಯ ಕೇಂದ್ರದವರ ಜೊತೆ ಮಾತಾಡಿಸಬಹುದು. ಎರಡು, ದೊಡ್ಡ ಪರೀಕ್ಷೆ, ಆಪರೇಶನ್ನು, ಆಸ್ಪತ್ರೆಗೆ ಸೇರುವುದು. ಇದಕ್ಕೆ ಮನೆಯವರ ಸಹಿ ಬೇಕು. ಆಗ ಮನೆಯಲ್ಲಿ ಯಾರಿಗೆ ಹೇಳಿದರೆ ನಿನಗೆ ಧೈರ್ಯ ಎಂದು ಮಗುವನ್ನೇ ಕೇಳಿ. ಅಜ್ಜಿಯೋ, ದೊಡ್ಡಮ್ಮನೋ, ಅಕ್ಕನೋ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅಪ್ಪ-ಅವ್ವನ ತನಕ ಆ ಮಾತನ್ನು ಅವರು ಮುಟ್ಟಿಸಲಿ. ಮೂರು, ಯಾರೋ ಮಗುವಿನ ಮೈಮುಟ್ಟಿದ, ಹಿಂಸೆ ಮಾಡಿದ ಸಂಗತಿ. ಇದನ್ನು ಗುಟ್ಟಾಗಿ ಇಡುವ ಅಧಿಕಾರ ಮಾಸ್ತರರಿಗೆ ಇಲ್ಲ. ಆದರೆ ಮಗುವನ್ನು ಪರೀಕ್ಷೆಗೆ ಒಯ್ದಾಗ ಅದು ನಂಬುವವರು ಪಕ್ಕದಲ್ಲಿ ಇರಬೇಕು, ತುರ್ತು ಚಿಕಿತ್ಸೆಗೆ ಪೊಲೀಸರ ಕಾಗದ ಕೇಳಬಾರದು ಎಂದು ಪೋಕ್ಸೋದಲ್ಲೇ ಇದೆ ಎಂದು ತಿಳಿದಿರಿ.

ಈ ಮೂರನೆಯದನ್ನು ಮಗು ಬಾಯಿ ಬಿಡುವ ಮೊದಲೇ ಹೇಳಿಬಿಡಬೇಕು. "ನೋಡವ್ವಾ, ನೀ ಹೇಳಿದ್ದನ್ನ ಊರಿಗೆ ಹೇಳಾಂಗಿಲ್ಲ. ಆದ್ರ ನಿನಗ ಯಾರರೆ ತ್ರಾಸು ಕೊಟ್ಟಿದ್ರ ಅದನ್ನ ನಾ ಮುಚ್ಚಿಡಾಕ ಬರಾಂಗಿಲ್ಲ." ಗುಟ್ಟು ಕಾಯುತ್ತೇನೆ ಎಂದು ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ. ಹಾಗೆಯೇ ಶಾಲೆಯ ರಜಿಸ್ಟರಿನಲ್ಲಿ 'ಆಸ್ಪತ್ರೆ' ಎಂದು ಬರೆದರೆ ಸಾಕು, ರೋಗದ ಹೆಸರು ಬೇಡ. ಆ ರಜಿಸ್ಟರು ಮೇಜಿನ ಮೇಲೆ ತೆರೆದೇ ಬಿದ್ದಿರುತ್ತದೆ, ಓದುವವರು ಬಹಳ.

ಪಾಲಕರಿಗೂ ಒಂದು ಮಾತು. ಮಗು ನಿಮಗೆ ಹೇಳದೆ ಮಾಸ್ತರಿಗೆ ಹೇಳಿತು ಎಂದು ಸಿಟ್ಟಾಗಬೇಡಿ. ಯಾರಿಗಾದರೂ ಹೇಳಿತಲ್ಲ, ಅದು ನಿಮ್ಮ ಪುಣ್ಯ. ಯಾರಿಗೂ ಹೇಳದ ಮಕ್ಕಳ ಕತೆ ಕೊನೆಗೆ ಪೇಪರಿನಲ್ಲಿ ಬರುತ್ತದೆ. ವರ್ಷದ ಮೊದಲ ಪಾಲಕರ ಸಭೆಯಲ್ಲಿ ಸಮವಸ್ತ್ರ, ಫೀಸಿನ ಮಾತು ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೂ ಇಡೋಣ. ಮಗು ಆಸ್ಪತ್ರೆಗೆ ಹೋಗಬೇಕೆಂದರೆ ಶಾಲೆ ಹೀಗೆ ಮಾಡುತ್ತದೆ, ಇಂಥದ್ದನ್ನು ನಿಮಗೆ ತಿಳಿಸುತ್ತದೆ, ಇಂಥದ್ದನ್ನು ತಿಳಿಸುವ ಮೊದಲು ಮಗುವನ್ನು ಕೇಳುತ್ತದೆ ಎಂದು ಎಲ್ಲರ ಎದುರು ಮೊದಲೇ ಹೇಳಿದರೆ ಆಮೇಲೆ ಜಗಳ ಇರುವುದಿಲ್ಲ. ಸಭೆಗೆ ಬರಲಾಗದ, ಪಾಳಿ ಬಿಡಲಾಗದ ಪಾಲಕರು ಸಂಜೆ ನಮ್ಮ ವಾಚನಾಲಯದ ಕಟ್ಟೆಗೆ ಬಂದೇ ಬರುತ್ತಾರೆ. ಪೇಪರು ಹಾಕುವ ಹಲಗೆಯ ಪಕ್ಕದಲ್ಲಿ 1098 ಮತ್ತು 14416 ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕೋಣ. ಓದಲು ಬರುವ ಮಕ್ಕಳು ಅದನ್ನು ಯಾರನ್ನೂ ಕೇಳದೆ ನೋಡಿಕೊಂಡು ಹೋಗಬಹುದು.